ತೂಬು ಎತ್ತಿದವರು ಯಾರು?

ಬೆಳಗಿನ ಐದೂವರೆ. ಬೆಂಗಳೂರಿನ ನಮ್ಮ ಬೀದಿಗೆ ಹಾಲಿನ ಗಾಡಿ ಬಂದು ಹೋಗಿದೆ. ಎದುರು ಮನೆಯವರು ಬಾಗಿಲಿಗೆ ನೀರು ಹಾಕುವ ಸದ್ದು ಕೇಳುತ್ತಿದೆ. ಡಿಕಾಕ್ಷನ್ ಇನ್ನೂ ತೊಟ್ಟಿಕ್ಕುತ್ತಿದೆ. ಅಡುಗೆಕಟ್ಟೆಯ ಮೇಲಿಟ್ಟ ಫೋನು ಒಮ್ಮೆ ನಡುಗಿ ಸುಮ್ಮನಾಗುತ್ತದೆ. ನೋಡದೆಯೇ ಗೊತ್ತು, ರಾತ್ರಿಯ ಬಿಲ್ಡ್ ಶುರುವಾಯಿತು.

ರಾತ್ರಿಯ ಬಿಲ್ಡ್ ಬೆಳಗ್ಗೆ ಐದೂವರೆಗೇಕೆ ಎಂದು ನೀವು ಕೇಳಬಹುದು. ನಮ್ಮ ಸರ್ವರಿನ ಗಡಿಯಾರ ಯುಟಿಸಿ ಎಂಬ ಜಾಗತಿಕ ಕಾಲಮಾನದಲ್ಲಿದೆ. ಭಾರತೀಯ ಕಾಲಮಾನ ಅದಕ್ಕಿಂತ 5 ಗಂಟೆ 30 ನಿಮಿಷ ಮುಂದೆ. ಆ ಗಡಿಯಾರದಲ್ಲಿ ದಿನ ಮಗುಚಿ ಸೊನ್ನೆ ಗಂಟೆಯಾಗುವಾಗ ಇಲ್ಲಿ ಕೋಗಿಲೆ ಕೂಗುತ್ತಿರುತ್ತದೆ. ಯಾರೋ ಎಂದೋ ‘ನಡುರಾತ್ರಿ ಓಡಲಿ’ ಎಂದುಕೊಂಡು ಒಂದು ಸಾಲು ಬರೆದರು. ಎರಡು ಸೊನ್ನೆ, ಮೂರು ನಕ್ಷತ್ರ, ಇಷ್ಟೇ ಆ ಸಾಲು. ಬರೆದವರು ಕೆಲಸ ಬಿಟ್ಟು ವರ್ಷಗಳಾದವು. ಅವರ ಮಾತು ಮಾತ್ರ ಒಂದು ದಿನವೂ ತಪ್ಪದೆ ನಡೆಯುತ್ತಿದೆ.

ಬಿಲ್ಡ್ ಎಂದರೆ ಹಲವರು ಬರೆದ ಪ್ರೋಗ್ರಾಮಿನ ತುಣುಕುಗಳನ್ನು ಒಟ್ಟು ಸೇರಿಸಿ, ಓಡುವ ತಂತ್ರಾಂಶವಾಗಿ ಕಟ್ಟಿ, ಪರೀಕ್ಷೆಗಳಿಗೆ ಒಡ್ಡಿ ನೋಡುವ ಕೆಲಸ. ಎಲ್ಲ ಸರಿಯಿದ್ದರೆ ಹಸಿರು, ಎಲ್ಲಾದರೂ ಎಡವಿದರೆ ಕೆಂಪು. ಮನುಷ್ಯರ ಕೈ ತಾಗದೆ ಇದು ತಾನಾಗಿ ನಡೆಯುವ ಏರ್ಪಾಟನ್ನು ಕಂಟಿನ್ಯೂಯಸ್ ಇಂಟಿಗ್ರೇಷನ್ ಎನ್ನುತ್ತಾರೆ. ನಮ್ಮ ಬಾಯಲ್ಲಿ ಅದು ಸಿಐ. ‘ತಾನಾಗಿ’ ಎನ್ನುವ ಆ ಮಾತಿನ ಬಗ್ಗೆ ಈ ಬೆಳಗ್ಗೆ ಸ್ವಲ್ಪ ಹೊತ್ತು ಯೋಚಿಸೋಣ. ಲೋಕದಲ್ಲಿ ಯಾವುದೂ ತಾನಾಗಿ ಶುರುವಾಗುವುದಿಲ್ಲ. ಶುರು ಮಾಡಿದ ಕೈ ನಮ್ಮ ಕಣ್ಣಿಗೆ ಬಿದ್ದಿಲ್ಲ, ಅಷ್ಟೇ. ಇದನ್ನು ನಾನು ಕಲಿತದ್ದು ಒಬ್ಬರನ್ನು ನೋಯಿಸಿದ ಮೇಲೆ.

ಕೆಲವು ವರ್ಷಗಳ ಹಿಂದಿನ ಮಾತು. ಇಂಥದೇ ಒಂದು ಬೆಳಗ್ಗೆ ಬಿಲ್ಡ್ ಕೆಂಪಾಗಿತ್ತು. ಆ ಬಿಲ್ಡ್‌ನ ಪುಟ ತೆರೆದೆ. ‘ಬದಲಾವಣೆಗಳು’ ಎಂಬಲ್ಲಿ ಒಂದೇ ಹೆಸರಿತ್ತು. ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ಹಿಂದಿನ ರಾತ್ರಿ ಹನ್ನೊಂದಕ್ಕೆ ಒಂದು ಕಮಿಟ್ ಮಾಡಿದ್ದಳು, ಅಂದರೆ ತನ್ನ ಬದಲಾವಣೆಯನ್ನು ಎಲ್ಲರ ಕೋಡಿಗೆ ಸೇರಿಸಿದ್ದಳು. ನನಗೆ ಅಷ್ಟೇ ಸಾಕಾಯಿತು. ‘ರಾತ್ರಿ ಕೋಡ್ ಹಾಕಿದವರು ದಯವಿಟ್ಟು ಪರೀಕ್ಷಿಸಿ ಹಾಕಬೇಕು’ ಎಂದು ನಲವತ್ತು ಜನರಿದ್ದ ಗುಂಪಿನಲ್ಲಿ ಬರೆದೆ. ಹೆಸರು ಹೇಳಿರಲಿಲ್ಲ. ಆದರೆ ಆ ಪುಟವನ್ನು ಯಾರು ಬೇಕಾದರೂ ತೆರೆದು ನೋಡಬಹುದಿತ್ತು.

ಆಕೆ ತಿಂಡಿಯನ್ನೂ ತಿನ್ನದೆ ಕೂತಳು. ತನ್ನ ಬದಲಾವಣೆಯನ್ನು ಹಿಂದಕ್ಕೆ ತೆಗೆದಳು. ಆದರೂ ಕೆಂಪು. ಇನ್ನೊಮ್ಮೆ ಓಡಿಸಿದಳು. ಮತ್ತೂ ಕೆಂಪು. ಹೀಗೆ ಮೂರು ಗಂಟೆ ಕಳೆಯಿತು. ಅಷ್ಟರಲ್ಲಿ ನಮ್ಮಲ್ಲಿ ಹಿರಿಯರೊಬ್ಬರು ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತು ಮೆಲ್ಲಗೆ ಕೇಳಿದರು: “ಕೆಂಪಾಗಿದ್ದು ನೋಡಿದ್ರಿ. ಅದು ಓಡಿದ್ದು ಯಾಕೆ ಅಂತ ನೋಡಿದ್ರಾ?”

ನೋಡಿರಲಿಲ್ಲ. ಪುಟದಲ್ಲೇ ಒಂದು ಸಾಲು ಇತ್ತು. ಅದು ದಿನವೂ ಇರುವ ಸಾಲಾದ್ದರಿಂದ ಕಣ್ಣು ಅದನ್ನು ದಾಟಿ ಹೋಗುವುದನ್ನು ಕಲಿತುಬಿಟ್ಟಿತ್ತು. ಮೇಲಿನ ಇನ್ನೊಂದು ಜಾಬ್ (ಸಿಐ ಓಡಿಸುವ ಒಂದೊಂದು ಕೆಲಸಕ್ಕೆ ಈ ಹೆಸರು) ಮುಗಿದದ್ದರಿಂದ ಇದು ಆರಂಭವಾಯಿತು ಎಂದು ಅದು ಹೇಳುತ್ತಿತ್ತು. ಆ ಜಾಬ್ ತೆರೆದೆವು. ಅದಕ್ಕೂ ಮೇಲೆ ಒಂದು ಜಾಬ್ ಇತ್ತು. ಅದನ್ನೂ ತೆರೆದೆವು. ಅಲ್ಲಿ ಬರೆದಿತ್ತು, ‘ಸ್ಟಾರ್ಟೆಡ್ ಬೈ ಟೈಮರ್’. ಎಲ್ಲದರ ತುದಿಯಲ್ಲಿದ್ದ ಆ ಜಾಬ್‌ನ ಕೆಲಸ ಪ್ರತಿ ರಾತ್ರಿ ಹೊರಗಿನವರು ಬರೆದ ಸಿದ್ಧ ಕೋಡಿನ, ಅಂದರೆ ಲೈಬ್ರರಿಗಳ, ಹೊಸ ಆವೃತ್ತಿಗಳನ್ನು ತಂದು ತಳಪಾಯವನ್ನು ಹೊಸದು ಮಾಡುವುದು. ಆ ರಾತ್ರಿ ಒಂದು ಲೈಬ್ರರಿ ಬದಲಾಗಿ ಬಂದಿತ್ತು. ನಮ್ಮ ಪರೀಕ್ಷೆಗಳು ಅದಕ್ಕೆ ಒಗ್ಗಲಿಲ್ಲ. ಆ ಹುಡುಗಿ ಬದಲಿಸಿದ್ದು ಒಂದು ಸೂಚನೆಯಲ್ಲಿದ್ದ ಎರಡು ಪದಗಳನ್ನು.

ಕಾಗೆ ಕೂತಿತು, ತಾಳೆಹಣ್ಣು ಬಿತ್ತು. ಕೂತ ಕಾಗೆಗೆ ನಾನು ಕಲ್ಲು ಬೀಸಿದ್ದೆ.

ಬಿಲ್ಡ್ ಪುಟದಲ್ಲಿ ಎರಡು ಲೆಕ್ಕಗಳಿರುತ್ತವೆ. ಒಂದು, ಇದನ್ನು ಎಬ್ಬಿಸಿದ್ದು ಯಾವುದು ಎಂಬುದು. ಇನ್ನೊಂದು, ಕಳೆದ ಸಲ ಓಡಿದ ಮೇಲೆ ಯಾರ್ಯಾರು ಏನೇನು ಬದಲಿಸಿದ್ದಾರೆ ಎಂಬುದು. ಟೈಮರ್ ಎಬ್ಬಿಸಿದ ಬಿಲ್ಡ್ ಕೂಡ ಅಷ್ಟರಲ್ಲಿ ಸೇರಿಕೊಂಡ ಕಮಿಟ್‌ಗಳನ್ನು ಪಟ್ಟಿ ಮಾಡಿ ತೋರಿಸುತ್ತದೆ. ಆ ಪಟ್ಟಿಯಲ್ಲಿ ಹೆಸರಿರುವುದು ಅಪರಾಧದ ಗುರುತಲ್ಲ. ಆ ಹೊತ್ತಿಗೆ ಆ ದಾರಿಯಲ್ಲಿ ನಡೆದುಹೋದ ಗುರುತು ಮಾತ್ರ. ನಾನು ಎರಡನೆಯ ಲೆಕ್ಕವನ್ನು ಓದಿ ಮೊದಲನೆಯದರ ತೀರ್ಪು ಕೊಟ್ಟಿದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಬಿಲ್ಡ್ ಎಬ್ಬಿಸಿದ್ದು ಯಾರು ಎಂಬ ಪ್ರಶ್ನೆ ಹಿಂದೆ ಇರಲಿಲ್ಲ. 1999ರಲ್ಲಿ ಕೆಂಟ್ ಬೆಕ್ ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಎಂಬ ವಿಧಾನದ ಕುರಿತು ಬರೆದ ಪುಸ್ತಕದಲ್ಲಿ, ಕೋಡ್ ಜೋಡಿಸುವುದಕ್ಕೆಂದೇ ಒಂದು ಕಂಪ್ಯೂಟರ್ ಮೀಸಲಿಡುವ ರೂಢಿಯನ್ನು ವಿವರಿಸುತ್ತಾರೆ. ಅದು ಖಾಲಿಯಿದ್ದಾಗ ಇಬ್ಬರು ಹೋಗಿ ಕೂರಬೇಕು, ತಮ್ಮ ಕೆಲಸವನ್ನು ಸೇರಿಸಬೇಕು, ಪರೀಕ್ಷೆಗಳೆಲ್ಲ ಪಾಸಾದ ಮೇಲೆ ಎದ್ದು ಬರಬೇಕು. ಬಿಲ್ಡ್ ಶುರು ಮಾಡಿದವರು ಯಾರು ಎಂದು ಅಲ್ಲಿ ಕೇಳಬೇಕಾಗಿಯೇ ಇರಲಿಲ್ಲ. ಅವರು ಕುರ್ಚಿಯ ಮೇಲೆ ಕೂತಿರುತ್ತಿದ್ದರು. 2000ದಲ್ಲಿ ಮಾರ್ಟಿನ್ ಫೌಲರ್ ಬರೆದ ಲೇಖನ ಸಿಐ ಎಂಬ ಪದ್ಧತಿಯನ್ನು ಹಲವರಿಗೆ ಮುಟ್ಟಿಸಿತು. 2001ರಲ್ಲಿ ಬಿಲ್ಡನ್ನು ತಾನಾಗಿ ಓಡಿಸುವ ಕ್ರೂಸ್‌ಕಂಟ್ರೋಲ್ ಎಂಬ ಸಾಧನ ಬಂತು. ಕುರ್ಚಿ ಖಾಲಿಯಾಗುತ್ತ ಹೋಯಿತು. ಕೈ ದೂರ ಸರಿದ ಮೇಲೆಯೇ ಕೈ ಯಾರದು ಎಂಬ ಪ್ರಶ್ನೆ ಹುಟ್ಟಿದ್ದು.

2004ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿದ್ದ ಕೊಹ್ಸುಕೆ ಕಾವಾಗುಚಿ ಹಡ್ಸನ್ ಎಂಬ ಸಾಧನ ಬರೆಯಲು ತೊಡಗಿದರು. 2011ರಲ್ಲಿ ಸನ್ ಕಂಪನಿಯನ್ನು ಕೊಂಡಿದ್ದ ಒರ್ಯಾಕಲ್ ಜೊತೆ ಹೆಸರಿನ ತಕರಾರು ಎದ್ದಾಗ ಹಡ್ಸನ್ ಬೆಳೆಸುತ್ತಿದ್ದ ಸಮುದಾಯ ಅದಕ್ಕೆ ಜೆಂಕಿನ್ಸ್ ಎಂದು ಹೆಸರಿಟ್ಟುಕೊಂಡು ಮುಂದೆ ನಡೆಯಿತು; ನಮ್ಮ ಆಫೀಸಿನಲ್ಲಿರುವುದೂ ಅದೇ. ತಮ್ಮ ಕೋಡಿನಿಂದ ಬಿಲ್ಡ್ ಮುರಿದಾಗಲೆಲ್ಲ ಸಹೋದ್ಯೋಗಿಗಳ ಸಿಟ್ಟಿಗೆ ಗುರಿಯಾಗುವುದು ಕಾವಾಗುಚಿಯವರಿಗೆ ಸಾಕಾಗಿತ್ತು. ಇತರರಿಗೆ ತೊಂದರೆಯಾಗುವ ಮೊದಲೇ ತನಗೆ ಗೊತ್ತಾಗಲಿ ಎಂದು ಆ ಸಾಧನ ಕಟ್ಟಿದರು. ಈ ಸಂಗತಿಯನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಬೈಗುಳ ತಪ್ಪಿಸಿಕೊಳ್ಳಲು ಒಬ್ಬರು ಮಾಡಿದ ಸಾಧನವನ್ನು ಹಿಡಿದು ನಾನು ಇನ್ನೊಬ್ಬಳನ್ನು ಬೈದಿದ್ದೆ.

ಆ ಸಾಧನವೇನೋ ತನ್ನ ಕರ್ತವ್ಯ ಮಾಡಿತ್ತು. ಜೆಂಕಿನ್ಸ್ ಪ್ರತಿ ಬಿಲ್ಡ್‌ಗೂ ‘ಕಾರಣ’ ಎಂಬ ಒಂದು ದಾಖಲೆ ಇಡುತ್ತದೆ. ಬಳಕೆದಾರರೊಬ್ಬರು ಗುಂಡಿ ಒತ್ತಿದ್ದರೆ ಅವರ ಹೆಸರು. ಕೋಡ್ ಬದಲಾಗಿದ್ದರಿಂದ ಎದ್ದಿದ್ದರೆ ಆ ಸಂಗತಿ. ಹೊತ್ತು ಬಂತೆಂದು ಎದ್ದಿದ್ದರೆ ಟೈಮರ್. ಇನ್ನೊಂದು ಜಾಬ್ ಮುಗಿದದ್ದರಿಂದ ಆಗಿದ್ದರೆ ಆ ಜಾಬ್‌ನ ಹೆಸರು ಮತ್ತು ಬಿಲ್ಡ್ ಸಂಖ್ಯೆ. ಒಂದೇ ತೆರನ ಎರಡು ಕೋರಿಕೆಗಳು ಸರದಿಯಲ್ಲಿ ಕಾಯುತ್ತಿದ್ದರೆ ಎರಡನ್ನೂ ಕೂಡಿಸಿ ಒಂದೇ ಬಿಲ್ಡ್ ಓಡಿಸುತ್ತದೆ, ಆದರೆ ಕಾರಣಗಳನ್ನು ಎರಡಾಗಿಯೇ ಬರೆದಿಡುತ್ತದೆ. ಒಂದು ಘಟನೆಗೆ ಒಂದೇ ಕಾರಣ ಇರಬೇಕೆಂಬ ಹಟ ಯಂತ್ರಕ್ಕಿಲ್ಲ. ಆ ಹಟ ನಮ್ಮದು.

ಮೇಲಿನ ಜಾಬ್, ಕೆಳಗಿನ ಜಾಬ್ ಎನ್ನುವುದಕ್ಕೆ ಇಂಗ್ಲಿಷಿನವರು ಹೊಳೆಯ ಮಾತು ಬಳಸುತ್ತಾರೆ, ಅಪ್‌ಸ್ಟ್ರೀಮ್, ಡೌನ್‌ಸ್ಟ್ರೀಮ್ ಎಂದು. ನನಗೆ ಆ ಮಾತು ಕೇಳಿದಾಗ ಹೊಳೆ ನೆನಪಾಗುವುದಿಲ್ಲ, ಕೆರೆ ನೆನಪಾಗುತ್ತದೆ. ನನ್ನ ತಾಯಿಯ ತವರು ಕೋಲಾರ ಸೀಮೆ. ವರ್ಷವಿಡೀ ಹರಿಯುವ ನದಿ ಅಲ್ಲಿಲ್ಲ. ಹಿರಿಯರು ಕೆರೆಗಳನ್ನು ಒಂದಕ್ಕೊಂದು ಕೂಡಿಸಿ ಸರದಂತೆ ಕಟ್ಟಿದ್ದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಹಳ್ಳ ಹಿಡಿದು ಕೆಳಗಿನ ಕೆರೆಗೆ ಬರುತ್ತದೆ. ಅದು ತುಂಬಿದರೆ ಅದರ ಕೆಳಗಿನದಕ್ಕೆ. ಅಚ್ಚುಕಟ್ಟಿಗೆ ನೀರು ಬಿಡುವ ತೂಬಿನ ಲೆಕ್ಕ ನೀರುಗಂಟಿಯದು. ಯಾವ ದಿನ, ಯಾವ ಜಾವಕ್ಕೆ, ಯಾರ ಗದ್ದೆಗೆ ಎಂಬುದೆಲ್ಲ ಅವನ ನೆನಪಿನಲ್ಲಿರಬೇಕು.

ಅಮ್ಮ ಹೇಳುತ್ತಿದ್ದ ಒಂದು ಪ್ರಸಂಗವಿದೆ. ಒಂದು ಬೆಳಗ್ಗೆ ಹಳ್ಳದ ಪಕ್ಕದ ಗದ್ದೆಗೆ ನೀರು ನುಗ್ಗಿ ಬದು ಒಡೆದಿತ್ತು. ಊರಲ್ಲಿ ರಾತ್ರಿ ಒಂದು ಹನಿ ಮಳೆಯಾಗಿಲ್ಲ. ಗದ್ದೆಯವರು ಸೀದಾ ಪಕ್ಕದ ಗದ್ದೆಯವರ ಮನೆ ಮುಂದೆ ಹೋಗಿ ನಿಂತರು. ಹಿಂದಿನ ಸಂಜೆ ಗುದ್ದಲಿ ಹಿಡಿದು ಹಳ್ಳದ ಕಡೆ ಹೋಗಿದ್ದವರು ಅವರೇ. ಮಾತಿಗೆ ಮಾತು ಬೆಳೆಯುವಾಗ ನೀರುಗಂಟಿ ಬಂದ. ಯಾರು ಬದು ಕಡಿದಿರಿ ಎಂದು ಅವನು ಕೇಳಲಿಲ್ಲ. “ತೂಬು ಎತ್ತಿದೋರು ಯಾರು? ನಾನಂತೂ ಎತ್ತಿಲ್ಲ. ಹಂಗಾದ್ರೆ ನೀರು ಮ್ಯಾಲಿಂದ ಬಂದೈತೆ, ನಡೀರಿ ನೋಡೋಣ” ಎಂದ. ಎಲ್ಲರೂ ಹಳ್ಳದ ಗುಂಟ ಮೇಲಕ್ಕೆ ನಡೆದರು. ಎರಡು ಕೆರೆ ದಾಟಿದ ಮೇಲೆ ನೋಡಿದರೆ ಅಲ್ಲಿ ರಾತ್ರಿ ಜಡಿಮಳೆ ಹೊಡೆದಿತ್ತು, ಕೆರೆ ಕೋಡಿ ಹರಿಯುತ್ತಿತ್ತು. ಜಗಳ ಅಲ್ಲಿಗೆ ಮುಗಿಯಿತು. ಎರಡು ಮನೆಯವರೂ ಸೇರಿ ಬದು ಕಟ್ಟಿದರು.

ನಮ್ಮ ಆಫೀಸಿನ ಆ ಹಿರಿಯರು ಮಾಡಿದ್ದು ನೀರುಗಂಟಿಯ ಕೆಲಸ. ಹಳ್ಳದ ಗುಂಟ ಮೇಲಕ್ಕೆ ನಡೆಸಿಕೊಂಡು ಹೋದರು. ಎರಡು ಜಾಬ್ ದಾಟಿದ ಮೇಲೆ ಮಳೆ ಎಲ್ಲಿ ಬಿದ್ದಿದೆ ಎಂದು ಕಂಡಿತು. ಇದಕ್ಕೂ ಒಂದು ಮಿತಿಯಿದೆ ಎನ್ನಿ. ಜೆಂಕಿನ್ಸ್ ಮೇಲಿನ ಕಾರಣಗಳನ್ನು ಒಂದರೊಳಗೊಂದು ಇಟ್ಟು ದಾಖಲಿಸುವಾಗ ಹತ್ತು ಹಂತದ ಆಚೆಗೆ ಬರೆಯುವುದನ್ನು ನಿಲ್ಲಿಸುತ್ತದೆ. ಎಲ್ಲ ಕಾರಣಕ್ಕೂ ಕಾರಣ ಹುಡುಕುತ್ತ ಹೊರಟರೆ ಯಂತ್ರದ ನೆನಪೂ ಸಾಲುವುದಿಲ್ಲ. ಆದರೆ ಮನುಷ್ಯರು ಸಾಮಾನ್ಯವಾಗಿ ಸೋಲುವುದು ಹತ್ತನೆಯ ಹಂತದಲ್ಲಲ್ಲ, ಮೊದಲನೆಯದರಲ್ಲಿ.

ಕನ್ನಡದಲ್ಲಿ ಮೂರು ಮಾತುಗಳಿವೆ: ಕಾರಣ, ನಿಮಿತ್ತ, ನೆಪ. ಮೂರನ್ನೂ ನಾವು ಅಡ್ಡಾದಿಡ್ಡಿ ಬಳಸುತ್ತೇವೆ, ಆದರೆ ಭಾಷೆ ಅವನ್ನು ಬೇರೆ ಬೇರೆಯಾಗಿಯೇ ಇಟ್ಟಿದೆ. ಬಿಲ್ಡ್ ಎದ್ದು ಓಡಲು ಟೈಮರ್ ನಿಮಿತ್ತ. ಅದು ಕೆಂಪಾಗಲು ಬದಲಾದ ಲೈಬ್ರರಿ ಕಾರಣ. ರಾತ್ರಿ ಹನ್ನೊಂದರ ಕಮಿಟ್ ನನಗೆ ಸಿಕ್ಕಿದ ನೆಪ. ಪುಟದ ಆ ಸಾಲು ನಿಮಿತ್ತವನ್ನು ಹೇಳುತ್ತದೆ. ಓಟದ ವಿವರವೆಲ್ಲ ಇರುವ ಲಾಗನ್ನು ತಾಳ್ಮೆಯಿಂದ ಓದಿದರೆ ಕಾರಣ ಸಿಗುತ್ತದೆ. ನೆಪ ಮಾತ್ರ ಎಲ್ಲೂ ಬರೆದಿರುವುದಿಲ್ಲ. ಅದನ್ನು ನಾವು ಮನೆಯಿಂದಲೇ ತಂದಿರುತ್ತೇವೆ. ಹೊಸಬರು ತಪ್ಪು ಮಾಡುತ್ತಾರೆ ಎಂಬ ಎಣಿಕೆ, ರಾತ್ರಿ ಮಾಡಿದ ಕೆಲಸ ಅವಸರದ್ದು ಎಂಬ ಎಣಿಕೆ, ಇವೆಲ್ಲ ಫೋನು ನಡುಗುವ ಮೊದಲೇ ನನ್ನೊಳಗೆ ತಯಾರಾಗಿ ಕೂತಿದ್ದವು.

ನಿಮಿತ್ತ ಗೊತ್ತಾದ ಕೂಡಲೇ ಕಾರಣ ಗೊತ್ತಾಗುವುದಿಲ್ಲ, ನಿಜ. ಟೈಮರ್ ಎಬ್ಬಿಸಿತು ಎಂದ ಮಾತ್ರಕ್ಕೆ ಟೈಮರಿನದೇ ತಪ್ಪು ಎಂದಾಗದು. ಆದರೆ ನಿಮಿತ್ತ ತಿಳಿದರೆ ಎತ್ತ ನೋಡಬೇಕು ಎಂಬುದು ತಿಳಿಯುತ್ತದೆ. ಯಾರದೋ ಕಮಿಟ್‌ನಿಂದ ಎದ್ದ ಬಿಲ್ಡ್ ಮುರಿದರೆ ಮೊದಲು ಆ ಕಮಿಟ್ ನೋಡುವುದು ನ್ಯಾಯ. ಹೊತ್ತಿನಿಂದ ಎದ್ದದ್ದು ಮುರಿದರೆ ಹೊರಗೆ ಏನು ಬದಲಾಯಿತು ಎಂದು ನೋಡಬೇಕು. ಒಮ್ಮೆ ಸೋತದ್ದನ್ನು ಯಾರೋ ಮತ್ತೆ ಓಡಿಸಿದ್ದರೆ ಹಿಂದಿನ ಸಲ ಏನಾಗಿತ್ತು ಎಂದು ನೋಡಬೇಕು. ಹುಡುಕುವ ದಾರಿಯನ್ನು ಆ ಒಂದು ಸಾಲು ನಿರ್ಧರಿಸುತ್ತದೆ.

ಮತ್ತೆ ಓಡಿಸುವ ಮಾತು ಬಂದದ್ದರಿಂದ ಇನ್ನೊಂದು ಸೂಕ್ಷ್ಮ ಹೇಳಬೇಕು. ಗಿಟ್‌ಹಬ್ ಆಕ್ಷನ್ಸ್ ಎಂಬ ಇನ್ನೊಂದು ಸಿಐ ಸಾಧನದಲ್ಲಿ ಒಂದು ಓಟಕ್ಕೆ ಎರಡು ಹೆಸರುಗಳಿರಬಹುದು. ಮೊದಲು ಅದಕ್ಕೆ ನಿಮಿತ್ತರಾದವರು ಒಬ್ಬರು, ಆಮೇಲೆ ಅದನ್ನು ಮತ್ತೆ ಓಡಿಸಿದವರು ಇನ್ನೊಬ್ಬರು. ಎರಡನ್ನೂ ಅದು ಬೇರೆಯಾಗಿ ಇಡುತ್ತದೆ. ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲೂ ಹಾಗೆಯೇ, ಬದಲಾವಣೆ ಬರೆದವರ ಹೆಸರು ಬೇರೆ, ಅದನ್ನು ಕಮಿಟ್ ಆಗಿ ಸೇರಿಸಿದವರ ಹೆಸರು ಬೇರೆ. ವೇಳಾಪಟ್ಟಿಯಂತೆ ಓಡುವ ಕೆಲಸ ಗಿಟ್‌ಹಬ್‌ನಲ್ಲಿ ಸೋತರೆ ಸೂಚನೆ ಹೋಗುವುದು ಆ ವೇಳೆಯ ಸಾಲನ್ನು ಕೊನೆಯದಾಗಿ ತಿದ್ದಿದವರಿಗೆ. ಯಾರೋ ಕಟ್ಟಿದ ಏರ್ಪಾಟಿನಲ್ಲಿ ನೀವು ಐದನ್ನು ಆರು ಮಾಡಿದ್ದರೆ ಸಾಕು, ಅಂದಿನಿಂದ ಅದರ ಸುದ್ದಿ ನಿಮ್ಮ ಬಾಗಿಲಿಗೆ. ಇದರಲ್ಲಿ ಅನ್ಯಾಯವೇನೂ ಇಲ್ಲ. ಮುಟ್ಟಿದವರೊಬ್ಬರಾದರೂ ಹೊಣೆ ಹೊರಬೇಕಲ್ಲ. ಆದರೆ ಹೆಸರು ಕಂಡ ತಕ್ಷಣ ತಪ್ಪಿತಸ್ಥರು ಸಿಕ್ಕರು ಎಂದು ತಿಳಿಯಬಾರದು. ಹೆಸರು ಅಲ್ಲಿರುವುದು ಹೋಗಿ ಕೇಳುವುದಕ್ಕೆ, ಕೂಗಾಡುವುದಕ್ಕಲ್ಲ.

ಎಬ್ಬಿಸಿದ್ದು ಯಾವುದು ಎಂದು ಮೊದಲು ನೋಡುವ ಈ ಅಭ್ಯಾಸ ಆಫೀಸಿನಲ್ಲಿ ಹುಟ್ಟಿತು, ಮನೆಗೂ ಬಂತು. ಭಾನುವಾರ ಸಂಜೆ ಊರಿನಿಂದ ತಮ್ಮ ಫೋನು ಮಾಡಿದರೆ ನನ್ನ ಮಾತು ಯಾಕೋ ಬಿರುಸಾಗುತ್ತಿತ್ತು. ಅವನು ಕೇಳುವುದು ಸಾಮಾನ್ಯ ಸಂಗತಿ, ಕಂದಾಯದ ರಸೀದಿಯೋ ಅಮ್ಮನ ಮಾತ್ರೆಯೋ. ನನ್ನ ಉತ್ತರ ಮಾತ್ರ ಮೊಟಕು. ಅವನಿಗೆ ಮಾತಾಡುವ ರೀತಿ ಗೊತ್ತಿಲ್ಲ ಎಂದೇ ಬಹಳ ಕಾಲ ನಂಬಿದ್ದೆ. ಒಂದು ದಿನ ಬಿಲ್ಡ್ ನೋಡುವ ಹಾಗೆ ನೋಡಿದೆ. ಬುಧವಾರ ಅವನೇ ಇದೇ ಮಾತು ಕೇಳಿದರೆ ನಾನು ನಗುತ್ತ ಉತ್ತರಿಸುತ್ತೇನೆ. ಹಾಗಾದರೆ ನನ್ನ ಬಿರುಸನ್ನು ಎಬ್ಬಿಸುತ್ತಿದ್ದದ್ದು ತಮ್ಮನಲ್ಲ, ಹೊತ್ತು. ಸೋಮವಾರದ ಭಾರ ಭಾನುವಾರ ಸಂಜೆಯೇ ಹೆಗಲಿಗೆ ಬರುತ್ತಿತ್ತು. ಆ ಭಾರ ಇಳಿಸುವಾಗ ಎದುರಿಗೆ ಸಿಕ್ಕವನು ಅವನು. ಇದು ತಿಳಿದ ಮೇಲೆ ಭಾನುವಾರ ಬೆಳಗ್ಗೆಯೇ ನಾನಾಗಿ ಅವನಿಗೆ ಫೋನು ಮಾಡುತ್ತೇನೆ.

ಜೆಂಕಿನ್ಸ್‌ನಲ್ಲಿ ನನಗೆ ಇಷ್ಟವಾದ ಇನ್ನೊಂದು ಏರ್ಪಾಟಿದೆ. ಕೋಡ್ ಬದಲಾದದ್ದರಿಂದ ಬಿಲ್ಡ್ ಎಬ್ಬಿಸುವ ಕರೆ ಬಂದ ಕೂಡಲೇ ಅದು ಓಡಿಬಿಡುವುದಿಲ್ಲ. ಹೊಂದಿಕೆಯನ್ನು ಯಾರೂ ಬದಲಿಸದಿದ್ದರೆ ಐದು ಸೆಕೆಂಡು ಸುಮ್ಮನೆ ಕಾಯುತ್ತದೆ. ಇದಕ್ಕೆ ಕ್ವಯೆಟ್ ಪೀರಿಯಡ್ ಎನ್ನುತ್ತಾರೆ, ಮೌನದ ಗಳಿಗೆ. ಕೋಡಿನ ಬದಲಾವಣೆಗಳನ್ನು ಇಡುತ್ತಿದ್ದ ಸಿವಿಎಸ್ ಎಂಬ ಹಳೆಯ ವ್ಯವಸ್ಥೆಯ ಕಾಲದಲ್ಲಿ ಒಂದು ಬದಲಾವಣೆಯ ಕಡತಗಳೆಲ್ಲ ಒಟ್ಟಿಗೆ ಬರುತ್ತಿರಲಿಲ್ಲ, ಒಂದೊಂದಾಗಿ ಬರುತ್ತಿದ್ದವು. ಮೊದಲನೆಯದು ಬಂದ ತಕ್ಷಣ ಓಡಿದರೆ ಅರ್ಧ ಮಾತು ಕೇಳಿ ಕೆಲಸಕ್ಕಿಳಿದ ಹಾಗೆ. ಪೂರ್ತಿ ಬರಲಿ ಎಂದು ಕಾಯುವುದಕ್ಕೇ ಆ ಗಳಿಗೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಅವಸರ ಯಂತ್ರಕ್ಕೆ ಇರಬಾರದೆಂದು ಅದನ್ನು ಕಟ್ಟಿದವರು ಎಚ್ಚರ ವಹಿಸಿದ್ದರು. ಆ ಬೆಳಗ್ಗೆ ನಲವತ್ತು ಜನರ ಗುಂಪಿಗೆ ಬರೆಯುವ ಮೊದಲು ನಾನು ಐದು ಸೆಕೆಂಡು ಕಾದಿದ್ದರೆ ನನ್ನ ಕಣ್ಣು ಆ ಸಾಲಿನ ಮೇಲೆ ಬೀಳುತ್ತಿತ್ತೇನೋ.

ಆ ದಿನ ಮಧ್ಯಾಹ್ನ ಅದೇ ಗುಂಪಿನಲ್ಲಿ, ಅದೇ ನಲವತ್ತು ಜನರ ಮುಂದೆ, ತಪ್ಪು ನನ್ನದೆಂದು ಬರೆದೆ. ಲೈಬ್ರರಿಯ ಆವೃತ್ತಿಯನ್ನು ಒಂದೇ ಸಂಖ್ಯೆಗೆ ಕಟ್ಟಿ ಹಾಕಿದೆವು, ಬಿಲ್ಡ್ ಹಸಿರಾಯಿತು. ಆಕೆಯ ಬಳಿ ಹೋಗಿ ಕ್ಷಮೆ ಕೇಳಿದೆ. “ಪರವಾಗಿಲ್ಲ ಸರ್” ಎಂದಳು. ಆದರೆ ಆಮೇಲೆ ಹಲವು ವಾರ ಸಂಜೆ ಆರರ ನಂತರ ಆಕೆ ಒಂದೇ ಒಂದು ಕಮಿಟ್ ಮಾಡಲಿಲ್ಲ. ಹಿಂದಕ್ಕೆ ತೆಗೆದ ಕೋಡನ್ನು ಮತ್ತೆ ಸೇರಿಸಬಹುದು. ಆಡಿದ ಮಾತಿಗೆ ಆ ಸೌಲಭ್ಯವಿಲ್ಲ.

ಕೊನೆಯದಾಗಿ ಒಂದು ಸಣ್ಣ ಸಂಗತಿ. ಜೆಂಕಿನ್ಸ್‌ನ ಜಾಬ್‌ಗಳನ್ನು ದೂರದಿಂದಲೇ, ಒಂದು ವೆಬ್ ವಿಳಾಸಕ್ಕೆ ಕರೆ ಕಳಿಸಿ ಎಬ್ಬಿಸಬಹುದು. ಆ ಕರೆಯ ಕೊನೆಗೆ, ಯಾಕೆ ಎಬ್ಬಿಸುತ್ತಿದ್ದೇವೆ ಎಂದು ನಾಲ್ಕು ಮಾತು ಸೇರಿಸಲು ಜಾಗವಿದೆ. ಸೇರಿಸಿದರೆ ಅದು ಕಾರಣದ ದಾಖಲೆಯಲ್ಲಿ ಉಳಿಯುತ್ತದೆ. ಸೇರಿಸದಿದ್ದರೆ ಕರೆ ಯಾವ ಯಂತ್ರದಿಂದ ಬಂತು ಎನ್ನುವುದಷ್ಟೇ ಉಳಿಯುತ್ತದೆ. ಕಡ್ಡಾಯವೇನಲ್ಲ. ಕಡ್ಡಾಯವಲ್ಲ ಎಂಬ ಒಂದೇ ಕಾರಣಕ್ಕೆ ನಮ್ಮಲ್ಲಿ ಯಾರೂ ಅದನ್ನು ತುಂಬುತ್ತಿರಲಿಲ್ಲ. ನಡುರಾತ್ರಿಯ ಆ ಟೈಮರಿನ ಪಕ್ಕದಲ್ಲೂ ಒಂದು ಸಾಲು ಟಿಪ್ಪಣಿ ಬರೆಯಬಹುದಿತ್ತು. ಬರೆದವರಿಗೆ ಅಂದು ಎಲ್ಲವೂ ಗೊತ್ತಿತ್ತು, ಅದಕ್ಕೇ ಬರೆಯಲಿಲ್ಲ. ಗೊತ್ತಿಲ್ಲದವರು ಆಮೇಲೆ ಬರುತ್ತಾರೆ ಎಂಬುದು ಹೊಳೆದಿರಲಿಲ್ಲ.

ಆ ಹುಡುಗಿಯನ್ನು ನೋಯಿಸಿದ ವಾರವೇ ನಾನು ಆ ಟೈಮರಿನ ಪಕ್ಕದಲ್ಲಿ ಬರೆದಿಟ್ಟೆ: ಇದು ಯಾಕೆ ಓಡುತ್ತದೆ, ಇಲ್ಲಿ ಎಷ್ಟು ಗಂಟೆಗೆ ಓಡುತ್ತದೆ, ನಿಲ್ಲಿಸಬೇಕಾದರೆ ಯಾರನ್ನು ಕೇಳಬೇಕು.

ಡಿಕಾಕ್ಷನ್ ಇಳಿದಿದೆ. ಫೋನು ಮತ್ತೊಮ್ಮೆ ನಡುಗಿತು. ಇವತ್ತು ಕೆಂಪು. ಕಾಫಿ ಬೆರೆಸಿ, ಲೋಟ ಹಿಡಿದು ಕೂತು, ಮೊದಲು ಆ ಸಾಲು ಓದಿದೆ, ಅದು ತೋರಿಸಿದ ಜಾಬ್‌ಗಳನ್ನು ಮೇಲಿನ ತುದಿಯವರೆಗೂ ತೆರೆದೆ. ಟೈಮರ್. ‘ಹೊತ್ತಿನ ಬಿಲ್ಡ್ ಸೋತಿದೆ, ಯಾರ ಬದಲಾವಣೆಯಿಂದ ಎದ್ದದ್ದೂ ಅಲ್ಲ, ನಾನು ನೋಡುತ್ತಿದ್ದೇನೆ’ ಎಂದು ಗುಂಪಿಗೆ ಬರೆದೆ.

ಇಂದು ನೀವೂ ಏನನ್ನಾದರೂ ಶುರು ಮಾಡುತ್ತೀರಿ. ಒಂದು ಕಡತ, ಒಂದು ನಿಯಮ, ಒಂದು ವಾಡಿಕೆ, ಒಂದು ಮಾತು. ಶುರು ಮಾಡುವಾಗ ಅದರ ಪಕ್ಕದಲ್ಲಿ ನಿಮ್ಮ ಹೆಸರನ್ನೂ ಯಾಕೆ ಎಂಬ ಒಂದು ಸಾಲನ್ನೂ ಬರೆದಿಡಿ. ಎದುರಿಗೆ ಏನಾದರೂ ಮುರಿದು ಬಿದ್ದಿದ್ದರೆ, ಮುರಿದವರು ಯಾರು ಎಂದು ಕೂಗುವ ಮೊದಲು, ತೂಬು ಎತ್ತಿದವರು ಯಾರು ಎಂದು ಮೆಲ್ಲಗೆ ಕೇಳಿ, ಹಳ್ಳದ ಗುಂಟ ಸ್ವಲ್ಪ ಮೇಲಕ್ಕೆ ನಡೆದು ನೋಡಿ.